ಯಾರೂ ನಡೆಯದ ನಡಿಗೆ

ಕಾಲಿನಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವುದು ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಇರದೆ ಇನ್ನೇನಾಗುತ್ತದೆ ಹೇಳಿ? ಇಪ್ಪತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಹಿಂಭಾಗದ ಶೆಡ್ಡಿನಲ್ಲಿ ಕೃತಕ ಕಾಲು ಮಾಡಿ ಜನಕ್ಕೆ ಕೂರಿಸುವ ಕೆಲಸ ಅವಳದು. ಹುಬ್ಬಿನ ಮೇಲೆ ಸದಾ ಪ್ಲಾಸ್ಟರಿನ ಧೂಳು, ಬಟ್ಟೆಯ ತುಂಬ ಅಂಟಿನ ವಾಸನೆ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಕಸ ಗುಡಿಸುವವಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಅವಳು ಕಾಲಿನಕ್ಕ.

ಯಾರಾದರೂ ಹೊಸ ಕಾಲು ಹಾಕಿಕೊಂಡು ಎದ್ದು ನಿಂತರೆ ಅವಳು ಅವರ ಮುಖ ನೋಡುವುದಿಲ್ಲ. ಮುಖವನ್ನು ನಂಬಬಾರದು ಅಂತ ಅವಳ ಹಟ. ನೋವಿದ್ದವರು ಸಂಕೋಚಕ್ಕೆ ನಗುತ್ತಾರೆ, ಏನೂ ಆಗದವರು ಅಯ್ಯೋ ಅಂತ ಮುಲುಗುತ್ತಾರೆ. ಅದಕ್ಕೇ ನೆಲದ ಮೇಲೆ ಚಕ್ಕಳಮಟ್ಟೆ ಹಾಕಿ ಕೂತು ಮಂಡಿ ನೋಡುತ್ತಾಳೆ. "ನಡಿ" ಅಂತಾಳೆ. "ತಿರುಗು" ಅಂತಾಳೆ. "ಮತ್ತೆ ನಡಿ." ಒಂದು ತಿರುಪನ್ನು ಕೂದಲೆಳೆಯಷ್ಟು ಬಿಗಿ ಮಾಡಿ ಮತ್ತೆ ಹತ್ತು ಸಲ ನಡೆಸುತ್ತಾಳೆ. ಜನ ಒಳಗೊಳಗೇ ಬೈದುಕೊಳ್ಳುತ್ತಾರೆ. ಆಮೇಲೆ ಹತ್ತು ವರ್ಷ ಅದೇ ಕಾಲಿನ ಮೇಲೆ ಓಡಾಡುತ್ತಾರೆ.

ಇಂಥವಳಿಗೆ ಒಂದು ಪುಟಾಣಿ ವಿಡಿಯೋ ಮಣ್ಣು ಮುಕ್ಕಿಸಿತು ಅಂದರೆ ನಂಬುತ್ತೀರಾ? ನಂಬಲೇಬೇಕು, ನಡೆದದ್ದೇ ಹಾಗೆ.

ಆಸ್ಪತ್ರೆಗೆ ಹೊಸ ಬಗೆಯ ಮಂಡಿ ಕೀಲು ಬಂದಿತ್ತು. ಹಗುರ, ನೋಡಲು ಚೆಂದ, ಬೆಳ್ಳಿ ಬಣ್ಣ. ಹಳೇದನ್ನು ನಿಲ್ಲಿಸಿ ಇನ್ನು ಮುಂದೆ ಎಲ್ಲರಿಗೂ ಇದನ್ನೇ ಹಾಕುವುದು ಅಂತ ಮೇಲಿನವರ ಯೋಚನೆ. ಅದಕ್ಕೆ ಮುಂಚೆ ಒಬ್ಬನಿಗೆ ಹಾಕಿ ಒಂದು ತಿಂಗಳು ಪರೀಕ್ಷೆ ಮಾಡಬೇಕು, ಪರೀಕ್ಷೆ ಮುಗಿಯುವವರೆಗೆ ಅದನ್ನು ಬಿಚ್ಚುವ ಹಾಗಿಲ್ಲ. ಆ ಒಬ್ಬ ಯಾರಪ್ಪ ಅಂದರೆ ಕತ್ತರಿ.

ಕತ್ತರಿ ಕ್ಷೌರದಂಗಡಿಯವನು. ಬಸ್ ನಿಲ್ದಾಣದ ಪಕ್ಕ ಎರಡು ಕುರ್ಚಿಯ ಅಂಗಡಿ, ಅವನೂ ಹೆಂಡತಿಯೂ ಸೇರಿ ನಡೆಸುವುದು. ಲಾರಿ ಹಾಯ್ದು ಬಲಗಾಲು ತೊಡೆಯಿಂದ ಕೆಳಗೆ ಹೋಗಿ ಆರು ವರ್ಷವಾಗಿತ್ತು. ಹಳೇ ಮಂಡಿಯ ಮೇಲೆ ಕುಂಟುತ್ತಾ ಆದರೂ ಧೈರ್ಯವಾಗಿ ದಿನಕ್ಕೆ ಹತ್ತು ಗಂಟೆ ನಿಂತೇ ಕೆಲಸ ಮಾಡುತ್ತಿದ್ದ. ಹೊಸದು ಹಾಕಿದ ಮೂರನೇ ವಾರ ಬಂದು ತಲೆ ತಗ್ಗಿಸಿ ನಿಂತ.

"ಅಕ್ಕಾ, ಬಿದ್ದೆ."

"ಎಲ್ಲಿ?"

"ಅಂಗಡೀಲಿ. ಗಿರಾಕಿ ಗಡ್ಡ ಮಾಡ್ತಾ ಇದ್ದೆ. ಕುರ್ಚಿ ಸುತ್ತ ಒಂದು ಹೆಜ್ಜೆ ಇಟ್ಟೆ ನೋಡು, ಮಂಡಿ ಮಡಚ್ಕೊಂಡ್‌ಬಿಡ್ತು. ಕತ್ತಿ ಕೈಯಲ್ಲಿತ್ತು. ದೇವರು ದೊಡ್ಡವನು, ಆ ಕಡೆಗೆ ಎಸೆದೆ."

ಅವನ ಹೆಂಡತಿ ಅವತ್ತೇ ಕತ್ತಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ತನ್ನ ಕೊರಳಿಗೆ ಕಟ್ಟಿಕೊಂಡಿದ್ದಳು. ಕೂದಲು ಕತ್ತರಿಸು, ಗಡ್ಡದ ತಂಟೆಗೆ ಹೋಗಬೇಡ. ಗಡ್ಡ ಬೋಳಿಸದ ಕ್ಷೌರದಂಗಡಿಗೆ ಯಾರು ಬರುತ್ತಾರೆ? ಎದುರಿನ ಅಂಗಡಿಗೆ ಹೋಗುತ್ತಾರೆ. ಹೋಗುತ್ತಲೂ ಇದ್ದರು.

ಕಾಲಿನಕ್ಕ ಅವನನ್ನು ಜೋಡಿ ಕಂಬಿಗಳ ನಡುವೆ ನಡೆಸಿ ನೋಡಿದಳು. ನಾಲ್ಕನೇ ಹೆಜ್ಜೆಗೇ ಸಿಕ್ಕಿತು. ಕಾಲು ಎತ್ತಿದ ಮೇಲೆ ಮಂಡಿ ಬಿಚ್ಚಿಕೊಂಡು ಮುಂದಕ್ಕೆ ಬರಬೇಕು ತಾನೆ? ಬರುವ ದಾರಿಯಲ್ಲಿ ಅದು ಗಕ್ಕನೆ ನಿಲ್ಲುತ್ತಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ ಚಟ್ ಅಂತ ನೆಟ್ಟಗಾಗುತ್ತಿತ್ತು. ಉದ್ದ ಹೆಜ್ಜೆಯಲ್ಲಾದರೆ ನೆಟ್ಟಗಾಗಲು ಸಮಯ ಸಿಗುತ್ತದೆ. ಕುರ್ಚಿಯ ಸುತ್ತ ಇಡುವ ಗಿಡ್ಡ ಹೆಜ್ಜೆಯಲ್ಲಿ ಸಿಗುವುದಿಲ್ಲ. ಅರ್ಧ ಮಡಚಿದ ಮಂಡಿಯ ಮೇಲೆ ಭಾರ ಬಿದ್ದರೆ ಮನುಷ್ಯ ನೆಲಕ್ಕೆ. ತಿರುಪು ತಿರುಗಿಸಿದಳು, ಎಣ್ಣೆ ಬಿಟ್ಟಳು, ಏನು ಮಾಡಿದರೂ ಅಷ್ಟೇ. ದೋಷ ಕೀಲಿನೊಳಗೇ ಇತ್ತು.

ಇದನ್ನು ಸಮಿತಿಗೆ ತೋರಿಸಬೇಕು. ಸಮಿತಿ ಕೂರುವುದು ಎರಡನೇ ಮಹಡಿಯಲ್ಲಿ. ನಲವತ್ತನಾಲ್ಕು ಮೆಟ್ಟಿಲು. ಲಿಫ್ಟಿನ ಬಾಗಿಲಿಗೆ "ದುರಸ್ತಿಯಲ್ಲಿದೆ" ಅಂತ ಬೋರ್ಡು ತಗಲಿಸಿ ನಾಲ್ಕು ವರ್ಷವಾಯಿತು, ಬೋರ್ಡೇ ಈಗ ದುರಸ್ತಿಗೆ ಬಂದಿದೆ. ಕಾಲಿಲ್ಲದವರ ಕಾಲಿನ ಬಗ್ಗೆ ತೀರ್ಮಾನ ಮಾಡುವವರು ಕಾಲಿಲ್ಲದವರು ಹತ್ತಲಾರದ ಕಡೆ ಕೂರುತ್ತಾರೆ, ನೋಡಿ ಚೆಂದ! "ನೀವೇ ಒಂದ್ಸಲ ಕೆಳಗಡೆ ಬನ್ನಿ" ಅಂತ ಅವಳು ಕೇಳದೇ ಇರಲಿಲ್ಲ. ಸಮಿತಿಯ ಸಭೆ ಸಮಿತಿಯ ಕೊಠಡಿಯಲ್ಲೇ ಆಗಬೇಕಂತೆ. "ವಿಡಿಯೋ ಮಾಡ್ಕೊಂಡು ಬನ್ನಿ" ಅಂದರು.

ಮಾಡಿದಳು. ಕತ್ತರಿಯ ತೊಡೆಯ ಮೇಲೊಂದು, ಮಂಡಿಯ ಕೆಳಗೊಂದು ಕಪ್ಪು ಪಟ್ಟಿ ಅಂಟಿಸಿ, ಸ್ಟೂಲಿನ ಮೇಲೆ ಫೋನಿಟ್ಟು, ಮಂಡಿಯ ಮಟ್ಟಕ್ಕೆ ಸರಿಯಾಗಿ ಅವನ ನಡಿಗೆಯನ್ನು ಹಿಡಿದಳು. ಫೋನಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲೆ ಹೋಗಿ ಸಭೆಯ ಕಂಪ್ಯೂಟರಿಗೆ ಹಾಕಿದರೆ, ಅಯ್ಯೋ ಅದರ ಮನೆ ಹಾಳಾಗ! ಕತ್ತರಿ ಒಂದು ಹೆಜ್ಜೆ ಇಡುತ್ತಾನೆ, ನಿಲ್ಲುತ್ತಾನೆ. ಇಡೀ ಚಿತ್ರವೇ ನಿಲ್ಲುತ್ತದೆ. ಆಮೇಲೆ ಮೂರು ಹೆಜ್ಜೆ ಒಟ್ಟಿಗೇ ಹಾರುತ್ತಾನೆ. ಗೋಡೆಯ ಪಕ್ಕ ನಡೆದುಹೋಗುತ್ತಿದ್ದ ನರ್ಸು ಕೂಡ ಗಕ್ಕ್ ಗಕ್ಕ್ ಅಂತ ಹೋದಳು.

"ಏನಮ್ಮ ಇದು, ನಿಮ್ಮ ವಿಡಿಯೋನೇ ಕುಂಟ್ತಾ ಇದೆ" ಅಂದರು ಸಮಿತಿಯ ಅಧ್ಯಕ್ಷರಾದ ದೊಡ್ಡ ಡಾಕ್ಟರು. "ಇದರಲ್ಲಿ ಕಾಲು ನಿಲ್ಲೋದು ಯಾವುದು, ವಿಡಿಯೋ ನಿಲ್ಲೋದು ಯಾವುದು? ಮುಂದಿನ ಗುರುವಾರ ಸರಿಯಾಗಿ ಓಡೋದನ್ನ ತನ್ನಿ. ಅದೇ ಕೊನೆ. ಮೂವತ್ತಾರು ಜನ ಕಾಯ್ತಾ ಇದ್ದಾರೆ, ತೀರ್ಮಾನ ಮಾಡ್ಲೇಬೇಕು."

ಮೈಯೆಲ್ಲ ಉರಿಯಿತು. ಮೆಟ್ಟಿಲು ಇಳಿಯುತ್ತಾ ಪ್ರತಿ ಮೆಟ್ಟಿಲಿಗೊಂದು ಬೈಗುಳ ಹಾಕಿಕೊಂಡೇ ಇಳಿದಳು. ಕೊನೆಗೆ ನೆನಪಾದದ್ದು ಭಾವ.

ಭಾವ ಅಂದರೆ ಅವಳ ಸ್ವಂತ ಅಕ್ಕನ ಗಂಡ. ಇಪ್ಪತ್ತು ವರ್ಷ ಮದುವೆಮನೆಗಳಲ್ಲಿ ವಿಡಿಯೋ ತೆಗೆದವರು. ಎಲ್ಲರ ಕೈಗೂ ಫೋನು ಬಂದ ಮೇಲೆ ಕ್ಯಾಮೆರಾ ಪೆಟ್ಟಿಗೆ ಮುಚ್ಚಿ ಮನೆಯಲ್ಲಿ ಕೂತವರು. ಆದರೆ ಬಾಯಿ ಮುಚ್ಚಿರಲಿಲ್ಲ. ಮುಂದಿನ ಕೋಣೆಯಲ್ಲಿ ಟೇಬಲ್ ಬಟ್ಟೆ ಹೊದ್ದ ಕಂಪ್ಯೂಟರು, ಅದರ ಮೇಲೆ ಇಸ್ತ್ರಿಗೆ ಕಾಯುತ್ತಿರುವ ಬಟ್ಟೆಯ ರಾಶಿ.

"ಅದೇನು ಮಹಾ ಬಿಡೇ" ಅಂದರು ಭಾವ, ರಾಶಿಯನ್ನು ಪಕ್ಕಕ್ಕೆ ತಳ್ಳುತ್ತಾ. "ವಿಡಿಯೋ ಅಂದ್ರೆ ಏನು? ಫೋಟೋಗಳ ಕಟ್ಟು. ಒಂದಾದ ಮೇಲೊಂದು ಬೇಗಬೇಗ ತೋರಿಸಿದ್ರೆ ನಡೆದ ಹಾಗೆ ಕಾಣುತ್ತೆ. ನಿನ್ನ ಫೋನು ಸೆಕೆಂಡಿಗೆ ಅರವತ್ತು ಫೋಟೋ ಹೊಡೆದಿದೆ. ಆ ಮುದಿ ಕಂಪ್ಯೂಟರಿಗೆ ಅಷ್ಟು ತಿರುವಿ ಹಾಕೋಕೆ ಕೈಲಾಗಲ್ಲ, ಏದುಸಿರು ಬಿಡುತ್ತೆ. ಕಡಿಮೆ ಮಾಡಿದ್ರಾಯ್ತು. ನನ್ನ ಹತ್ರ ಪುಕ್ಕಟೆ ಸಾಫ್ಟ್‌ವೇರ್ ಇದೆ, ಹತ್ತು ನಿಮಿಷದ ಕೆಲಸ."

ಭಾವನ ಹತ್ತು ನಿಮಿಷ ಅಂದರೆ ಮೂರು ದಿನ ಅಂತ ಅವಳು ತಿಳಿದುಕೊಂಡಿರಬೇಕಿತ್ತು.

ಸೋಮವಾರ ಕೆಲಸ ಮುಗಿಸಿ ಬಂದವಳನ್ನು ಕೂರಿಸಿಕೊಂಡು ಅರವತ್ತನ್ನು ಮೂವತ್ತು ಮಾಡಿದರು. ಮಂಗಳವಾರ ಬೆಳಿಗ್ಗೆ ಪೆನ್ ಡ್ರೈವ್ ಹಿಡಿದು ನಲವತ್ತನಾಲ್ಕು ಮೆಟ್ಟಿಲು ಹತ್ತಿ ಗುಮಾಸ್ತೆಯ ಕೈಕಾಲು ಹಿಡಿದು ಸಭೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದಳು. ಮತ್ತೆ ಅದೇ ಗೋಳು. ಮಂಗಳವಾರ ಸಂಜೆ ಭಾವ, "ಹಾಗಾದ್ರೆ ಹತ್ತಕ್ಕೆ ಇಳಿಸ್ತೀನಿ, ಅದು ಹೇಗೆ ನಿಲ್ಲುತ್ತೋ ನೋಡೇಬಿಡೋಣ" ಅಂತ ಸೆಕೆಂಡಿಗೆ ಹತ್ತೇ ಚಿತ್ರ ಉಳಿಸಿದರು. ಬುಧವಾರ ಬೆಳಿಗ್ಗೆ ಮತ್ತೆ ನಲವತ್ತನಾಲ್ಕು. ನಿಲ್ಲಲಿಲ್ಲ, ನಿಜ. ಆದರೆ ಕತ್ತರಿ ದಾರ ಕಟ್ಟಿದ ಗೊಂಬೆಯ ಹಾಗೆ ಟಕ ಟಕ ಅಂತ ಕುಪ್ಪಳಿಸಿದ. ಗುಮಾಸ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಾಲಿನಕ್ಕನಿಗೆ ಅಳುವೇ ಬಂತು. ಅರ್ಧ ದಿನ ರಜೆ ಬರೆದು ನೇರ ಅಕ್ಕನ ಮನೆಗೆ ಬಂದಳು.

"ಭಾವ, ನಾಳೆ ಸಭೆ. ನಾಳೆ! ನಿಮ್ಮ ಕೈಲಾಗುತ್ತೋ ಇಲ್ವೋ ಈಗ್ಲೇ ಹೇಳಿಬಿಡಿ."

"ರೇಗಬೇಡ್ವೇ. ಮಾಡ್ತೀನಿ ಇರು." ಭಾವ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿ ಹುಡುಕಿದರು. "ಇಲ್ಲಿದೆ ನೋಡು! ನಡುವೆ ಚಿತ್ರ ಸೇರಿಸಿ ನಯ ಮಾಡೋದು. ಹತ್ತು ಇದ್ದದ್ದನ್ನ ಇಪ್ಪತ್ತೈದು ಮಾಡುತ್ತೆ. ಚಿತ್ರದ ಗಾತ್ರ ಅರ್ಧಕ್ಕೆ ಇಳಿಸ್ತೀನಿ, ಹಗುರ ಆಗುತ್ತೆ. ಬೆಣ್ಣೆ ಥರ ಓಡುತ್ತೆ."

ಚೌಕದಲ್ಲಿ ಒಂದು ಟಿಕ್ ಹಾಕಿದರು. ಹಾಕಿದ್ದು ಯಾವುದಕ್ಕೆ? ಕೈಗೆ ಸಿಕ್ಕ ಹತ್ತು-ಚಿತ್ರದ ಫೈಲಿಗೆ. ಅರವತ್ತರ ಮೂಲ ಫೈಲು ಪಕ್ಕದಲ್ಲೇ ಬಿದ್ದಿತ್ತು, ಅದನ್ನು ಮುಟ್ಟುವ ಯೋಚನೆ ಇಬ್ಬರಿಗೂ ಬರಲಿಲ್ಲ.

ನೂರಕ್ಕೆ ಎರಡು, ನೂರಕ್ಕೆ ಮೂರು ಅಂತ ಪಟ್ಟಿ ತೆವಳತೊಡಗಿತು. ಕಂಪ್ಯೂಟರಿನ ಫ್ಯಾನು ಹೊಯ್ಯೋ ಅಂತ ಕೂಗಿತು. ನೂರಕ್ಕೆ ನಲವತ್ತಕ್ಕೆ ಬಂದಾಗ ಭಾವ ಕೈ ತಗಲಿಸಿ ಕಿಟಕಿ ಮುಚ್ಚಿಬಿಟ್ಟರು, ಮತ್ತೆ ಮೊದಲಿಂದ. ಅಕ್ಕ ಮೂರು ಸಲ ಕಾಫಿ ಕೊಟ್ಟಳು, ಮೂರು ಸಲವೂ ಆರಿಹೋಯಿತು. ಸಂಜೆ ಐದಕ್ಕೆ ನೂರಾಯಿತು. ಭಾವ ಒತ್ತಿದರು. ಕತ್ತರಿ ನಡೆದ. ಒಂದು ಕಡೆ ನಿಲ್ಲಲಿಲ್ಲ, ಒಂದು ಕಡೆ ಹಾರಲಿಲ್ಲ, ಹಿಂದೆ ನಡೆದುಹೋದ ನರ್ಸು ಕೂಡ ತೇಲಿಕೊಂಡು ಹೋದಳು.

"ಓಡ್ತು ಭಾವ! ಓಡ್ತು!" ಅಂತ ಕಾಲಿನಕ್ಕ ಚಪ್ಪಾಳೆ ತಟ್ಟಿದಳು. ಐದು ಸಲ ಹಾಕಿಸಿ ನೋಡಿದಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಗುರುವಾರ ಸಭೆ. ಕಂಪ್ಯೂಟರು ತಕರಾರಿಲ್ಲದೆ ವಿಡಿಯೋ ಓಡಿಸಿತು. ಅವಳು ಗೋಡೆಗೆ ಒರಗಿ, ನೋಡಿ ಈಗ, ನೋಡಿ ನಾಲ್ಕನೇ ಹೆಜ್ಜೆ ಅಂತ ಮನಸ್ಸಿನಲ್ಲೇ ಹೇಳುತ್ತಾ ನಿಂತಿದ್ದಳು. ನಾಲ್ಕನೇ ಹೆಜ್ಜೆ ಬಂತು, ಹೋಯಿತು. ಐದನೆಯದು ಬಂತು.

"ಆಹಾ! ಎಷ್ಟು ಸೊಗಸಾಗಿ ನಡೀತಾನಮ್ಮ!" ಅಂದರು ದೊಡ್ಡ ಡಾಕ್ಟರು.

ಕಾಲಿನಕ್ಕ ಗೋಡೆ ಬಿಟ್ಟು ಮುಂದೆ ಬಂದಳು. ಕತ್ತರಿಯ ಮಂಡಿ ಎಲ್ಲೂ ನಿಲ್ಲುತ್ತಿರಲಿಲ್ಲ. ಎತ್ತಿದ ಕಾಲು ನೀರಿನಂತೆ ಮುಂದಕ್ಕೆ ಹರಿದು ನೆಲ ಮುಟ್ಟುತ್ತಿತ್ತು. ಕಪ್ಪು ಪಟ್ಟಿಗಳು ಒಂದೇ ಸಮ ತೂಗುತ್ತಿದ್ದವು. ಇಪ್ಪತ್ತೊಂಬತ್ತು ವರ್ಷದಲ್ಲಿ ಅಂಥ ನಡಿಗೆಯ ಕಾಲನ್ನು ಅವಳು ಯಾರಿಗೂ ಕೂರಿಸಿರಲಿಲ್ಲ.

"ಇದಲ್ಲ ಸಾರ್" ಅಂದಳು.

"ಇದಲ್ಲ ಅಂದ್ರೆ? ನೀವೇ ತಂದಿದ್ದಲ್ವಾ? ಇವನು ಅವನಲ್ವಾ?"

"ಅವನೇ. ಆದ್ರೆ ಇವನು ಹೀಗೆ... ಇವನು ಹೀಗೆ ನಡೆಯಲ್ಲ ಸಾರ್."

"ನಡೀತಾ ಇದಾನಲ್ಲಮ್ಮ, ಕಣ್ಣೆದುರಿಗೇ!" ಅಂದರು ಸಮಿತಿಯಲ್ಲಿದ್ದ ಸ್ಟೋರಿನ ಅಧಿಕಾರಿ. ಎಲ್ಲರೂ ನಕ್ಕರು. ಏನಾಯಿತು ಅಂತ ಅವಳಿಗೇ ಗೊತ್ತಿದ್ದರೆ ತಾನೆ ಹೇಳುವುದು? "ನಡಿಗೆ ತೃಪ್ತಿಕರ. ಹೊಸ ಕೀಲಿಗೆ ಒಪ್ಪಿಗೆ" ಅಂತ ಬರೆದು ಸಹಿ ಹಾಕಿದರು. ಸ್ಟೋರಿನ ಅಧಿಕಾರಿ ವಿಡಿಯೋದ ಒಂದು ಪ್ರತಿಯನ್ನೂ ಇಳಿಸಿಕೊಂಡರು, ತುಂಬಾ ಚೆನ್ನಾಗಿದೆಯಂತೆ.

ಮೆಟ್ಟಿಲಿಳಿಯುವಾಗ ಅವಳಿಗೆ ಹೊಳೆಯಿತು. ನಿನ್ನೆ ಐದು ಸಲ ನೋಡಿದಳಲ್ಲ, ಏನು ನೋಡಿದಳು? ಗೋಡೆ ನೋಡಿದಳು. ಕಂಬಿ ನೋಡಿದಳು. ಹಿಂದೆ ಹೋದ ನರ್ಸನ್ನು ನೋಡಿದಳು. ಎಲ್ಲಾದರೂ ಚಿತ್ರ ನಿಲ್ಲುತ್ತದಾ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಒಬ್ಬ ನಡೆಯುವುದನ್ನು ನೋಡುತ್ತಾ ಅವನ ಮಂಡಿಯನ್ನೇ ನೋಡಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಸಿಟ್ಟು ಬಂದರೆ ಯಾರ ಮೇಲಾದರೂ ಹೋಗಬೇಕಲ್ಲ, ಭಾವನ ಮೇಲೆ ಹೋಯಿತು. ಅವರು ಊಟ ಮಾಡಿ ಪೇಪರ್ ಹಿಡಿದು ಅಡ್ಡಾಗಿದ್ದರು.

"ಏಳಿ ಭಾವ! ಏನು ಮಾಡಿದ್ರಿ ನನ್ನ ವಿಡಿಯೋಗೆ?"

"ನಯವಾಗಿ ಓಡ್ಬೇಕು ಅಂದೆ, ಓಡಿಸ್ದೆ. ಈಗ ಓಡಿದ್ದೇ ತಪ್ಪಾಯ್ತಾ?"

"ಅವನ ಮಂಡಿ ನಿಲ್ತಾ ಇಲ್ಲ!"

"ನಿಲ್ಬಾರ್ದು ಅಂತಲೇ ಅಲ್ವೇನೇ ಮೂರು ದಿನ ಪ್ರಾಣ ತಿಂದೆ?"

"ವಿಡಿಯೋ ನಿಲ್ಬಾರ್ದು ಅಂದೆ! ಮಂಡಿ ನಿಲ್ಬೇಕು! ಅದಕ್ಕೇ ಅಲ್ವಾ ಇಷ್ಟೆಲ್ಲ ರಾಮಾಯಣ?"

ಅಕ್ಕ ಅಡುಗೆಮನೆಯಿಂದ ಇಣುಕಿ, ಇಬ್ಬರಿಗೂ ತಲೆ ಕೆಟ್ಟಿದೆ ಅಂತ ಒಳಗೆ ಹೋದಳು. ಕಾಲಿನಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಮೊದಲಿನ ಫೈಲ್ ತೆಗೀರಿ. ಒಂದೊಂದೇ ಫೋಟೋ ತೋರಿಸಿ." ಭಾವ ಗೊಣಗುತ್ತಾ ಬಾಣದ ಗುಂಡಿ ಒತ್ತುತ್ತಾ ಹೋದರು. ಅವಳು ಪರದೆಯ ಮೇಲೆ ಬೆರಳಿಟ್ಟಳು. ನಾಲ್ಕನೇ ಹೆಜ್ಜೆ. ಪಟ್ಟಿ ಮುಂದೆ ಬಂತು, ಬಂತು, ನಿಂತಿತು. ಒಂದು. ಎರಡು. ಮೂರು. ಏಳು ಚಿತ್ರದವರೆಗೆ ಅವಳ ಬೆರಳಿನ ಕೆಳಗೇ ಇತ್ತು. ಎಂಟನೆಯದರಲ್ಲಿ ಚಟ್ ಅಂತ ಮುಂದೆ ಹೋಯಿತು.

"ಈಗ ಹತ್ತರದ್ದು ತೆಗೀರಿ."

ಆ ಏಳರಲ್ಲಿ ಒಂದೇ ಒಂದು ಉಳಿದಿತ್ತು. ಮಿಕ್ಕ ಆರನ್ನು ಇವರೇ ಕೈಯಾರೆ ಬಿಸಾಡಿದ್ದರು. ಕೊನೆಯ ಫೈಲು ತೆಗೆದರೆ ಆ ಒಂದರ ಅಕ್ಕಪಕ್ಕದಲ್ಲೆಲ್ಲ ಹೊಸ ಚಿತ್ರಗಳು. ಒಂದಕ್ಕಿಂತ ಒಂದರಲ್ಲಿ ಕಾಲು ಚೂರುಚೂರೇ ಮುಂದೆ.

"ಈ ನಡುವಿನದ್ದೆಲ್ಲ ಎಲ್ಲಿಂದ ಬಂತು ಭಾವ?"

"ಅದೇ ಊಹೆ ಮಾಡಿ ಬಿಡಿಸುತ್ತೆ ಕಣೇ. ಕಾಲು ಮೊದಲು ಇಲ್ಲಿತ್ತು, ಆಮೇಲೆ ಅಲ್ಲಿದೆ, ಹಾಗಾದ್ರೆ ನಡುವೆ ಇಲ್ಲಿರಬೇಕು ಅಂತ."

"ಇರ್ಲಿಲ್ಲ!" ಅವಳು ಟೇಬಲ್ ಗುದ್ದಿದಳು. "ಅಲ್ಲಿ ಇರ್ಲಿಲ್ಲ ಭಾವ! ಅಲ್ಲಿ ಇರ್ಬೇಕಾಗಿತ್ತು, ಇರ್ಲಿಲ್ಲ! ಅದೇ ತಾನೆ ನನ್ನ ಗೋಳು!"

ಭಾವ ಕನ್ನಡಕ ತೆಗೆದು ಬನಿಯನ್ನಿನ ತುದಿಯಿಂದ ಒರೆಸಿದರು. ತಾವು ಮಾಡಿದ್ದು ಏನು ಅಂತ ಅವರಿಗೂ ಈಗ ತಿಳಿದಿತ್ತು, ಪಾಪ.

"ಒಂದೂ ಬಿಸಾಡಬಾರ್ದು, ಒಂದೂ ಸೇರಿಸಬಾರ್ದು" ಅಂದಳು ಕಾಲಿನಕ್ಕ. "ಅರವತ್ತೂ ಇರ್ಲಿ. ಆ ಮುದುಕನಿಗೆ ಬೇಗ ತಿರುವೋಕಾಗಲ್ಲ ಅಂದ್ರೆ ನಿಧಾನವಾಗಿ ತಿರುವ್ಲಿ. ಹಾಗೆ ಮಾಡೋಕಾಗಲ್ವಾ?"

ಆಗುತ್ತಿತ್ತು. ಅದಕ್ಕೂ ಅದೇ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಒಂದು ಖಾನೆ ಇತ್ತು. ಅರವತ್ತು ಅಂತ ಇದ್ದ ಕಡೆ ಹದಿನೈದು ಅಂತ ಬರೆದರೆ ಒಂದು ಸೆಕೆಂಡಿನ ನಡಿಗೆ ನಾಲ್ಕು ಸೆಕೆಂಡು ತೆಗೆದುಕೊಳ್ಳುತ್ತದೆ, ಎಲ್ಲ ಚಿತ್ರವೂ ಇದ್ದ ಹಾಗೇ ಇರುತ್ತದೆ. ಆರು ನಿಮಿಷದಲ್ಲಿ ಮುಗಿಯಿತು. ಕತ್ತರಿ ನಿಧಾನವಾಗಿ, ಒಂದೇ ಸಮನಾಗಿ ನಡೆದ. ನಾಲ್ಕನೇ ಹೆಜ್ಜೆಯಲ್ಲಿ ಅವನ ಮಂಡಿ ಗಾಳಿಯಲ್ಲಿ ಸಿಕ್ಕಿಕೊಂಡು ನಿಂತಿತು, ಕುರುಡರಿಗೂ ಕಾಣುವಷ್ಟು ಹೊತ್ತು. ಮೂರು ದಿನದ ರಂಪ ಆರು ನಿಮಿಷದ ಕೆಲಸವಾಗಿತ್ತು ಅಂತ ನೆನೆದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಪೆನ್ ಡ್ರೈವ್ ಹಿಡಿದು ಬಂದರೆ ಕೆಳಗಿನ ಕಾಯುವ ಕೋಣೆಯಲ್ಲಿ ಜನ ಟೀವಿಗೆ ಮುಖ ಮಾಡಿ ಕೂತಿದ್ದರು. ಟೀವಿಯಲ್ಲಿ ಕತ್ತರಿ ನಡೆಯುತ್ತಿದ್ದ. ಸ್ಟೋರಿನ ಅಧಿಕಾರಿ ಹಾಕಿಸಿದ್ದರು, ಕಾಯುವವರಿಗೆ ಧೈರ್ಯ ಬರಲಿ ಅಂತ. ಮುಗಿದ ಕೂಡಲೇ ಮತ್ತೆ ಮೊದಲಿಂದ. ಊರುಗೋಲು ಪಕ್ಕಕ್ಕಿಟ್ಟವರು, ಪ್ಯಾಂಟಿನ ಒಂದು ಕಾಲು ಮಡಚಿ ಪಿನ್ ಹಾಕಿದವರು, ಎಲ್ಲರೂ ಕಣ್ಣು ಕೀಳದೆ ನೋಡುತ್ತಿದ್ದರು. ಕೊನೇ ಬೆಂಚಿನಲ್ಲಿ ಕತ್ತರಿಯೇ ಕೂತಿದ್ದ.

"ಅಕ್ಕಾ, ನಾನು ಇಷ್ಟು ಚೆನ್ನಾಗಿ ನಡೀತೀನಾ?" ಅಂದ. ಕಣ್ಣು ಒದ್ದೆಯಾಗಿತ್ತು. "ನಿನ್ನೆ ಯಾರೋ ನನ್ನ ಫೋನಿಗೂ ಕಳಿಸಿದ್ರು. ಹೆಂಡ್ತಿ ಐದು ಸಲ ನೋಡಿದ್ಲು. ತಪ್ಪು ಕಾಲಿಂದಲ್ಲ ಅಕ್ಕಾ, ನಂದೇ. ನಂಗೆ ಹೆದರಿಕೆ. ಹೆದ್ರಿಕೊಂಡು ಹೆಜ್ಜೆ ಇಡ್ತೀನಿ, ಅದಕ್ಕೇ ಬೀಳ್ತೀನಿ. ಈ ನಡಿಗೆ ಕಲೀಬೇಕು ಅಂತ ಬಂದೆ. ಕಂಬಿ ಹತ್ರ ಅಭ್ಯಾಸ ಮಾಡ್ಲಾ?"

ಕಾಲಿನಕ್ಕ ಅವನ ಮಂಡಿಯ ಕಡೆ ನೋಡಿದಳು.

"ನಾಳೆಯಿಂದ ಗಡ್ಡ ಮಾಡ್ತೀನಿ" ಅಂದ ಅವನು. "ಹೆಂಡ್ತಿ ಬೀಗ ತೆಗೆದು ಕತ್ತಿ ಕೊಟ್ಟಿದಾಳೆ."

"ಕಂಬಿ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟೀಯಾ ಜೋಕೆ. ನಾನು ಬರೋವರೆಗೂ ಅಲ್ಲೇ ಇರು" ಅಂತ ಹೇಳಿ ಅವಳು ಮೆಟ್ಟಿಲ ಕಡೆ ತಿರುಗಿದಳು. ನಲವತ್ತನಾಲ್ಕನ್ನು ಅಷ್ಟು ಬೇಗ ಅವಳು ಯಾವತ್ತೂ ಹತ್ತಿರಲಿಲ್ಲ.

ದೊಡ್ಡ ಡಾಕ್ಟರು ನಿಧಾನದ ವಿಡಿಯೋವನ್ನು ಎರಡು ಸಲ ನೋಡಿದರು. ಸ್ಟೋರಿನ ಅಧಿಕಾರಿಯೂ ಬಂದು ನೋಡಿ, "ಇಷ್ಟು ನಿಧಾನ ಮಾಡಿದ್ರೆ ಯಾರ ಕಾಲಾದ್ರೂ ಹಾಗೇ ಕಾಣುತ್ತೆ" ಅಂದರು.

"ಪಕ್ಕದಲ್ಲೇ ಅವನ ಒಳ್ಳೇ ಕಾಲಿದೆ ನೋಡಿ ಸಾರ್" ಅಂದಳು ಕಾಲಿನಕ್ಕ. "ಅದೂ ಅಷ್ಟೇ ನಿಧಾನ. ಅದೆಲ್ಲಿ ನಿಲ್ತು ತೋರಿಸಿ?"

ಅವರು ನೋಡಿದರು. ತೋರಿಸಲಿಲ್ಲ. ದೊಡ್ಡ ಡಾಕ್ಟರು ಕುರ್ಚಿಗೆ ಒರಗಿ ಹಣೆ ಉಜ್ಜಿಕೊಂಡರು. "ನಿಮ್ಮ ಮಾತು ಸರಿ ಇರಬಹುದಮ್ಮ. ಆದ್ರೆ ನಿರ್ಣಯ ಬರೆದಾಗಿದೆ. ಹಿಂದಕ್ಕೆ ತಗೋಬೇಕು ಅಂದ್ರೆ ಕಾರಣ ಬೇಕು."

"ಒಂದೇ ದಾರಿ" ಅಂದರು ಸ್ಟೋರಿನ ಅಧಿಕಾರಿ. "ನೀವು ಸಮಿತಿಗೆ ಕೊಟ್ಟ ವಿಡಿಯೋ ಸುಳ್ಳು ಅಂತ ಬರೆದುಕೊಡಬೇಕು. ಅದು ನಿಮ್ಮ ಫೈಲಿಗೆ ಹೋಗುತ್ತೆ. ಎರಡು ತಿಂಗಳಲ್ಲಿ ಶೆಡ್ಡಿನ ಮುಖ್ಯಸ್ಥೆ ಆಗೋರು ನೀವು. ಸುಳ್ಳು ಸಾಕ್ಷಿ ಕೊಟ್ಟೋರು ಅಂತ ಆದ್ಮೇಲೆ ಆ ಕುರ್ಚಿ ಸಿಗಲ್ಲ. ಯೋಚನೆ ಮಾಡಿ."

ಆ ಕುರ್ಚಿಗಾಗಿ ಅವಳು ಕಾದದ್ದು ಒಂದೆರಡು ವರ್ಷವಲ್ಲ. ಸುಳ್ಳು ಹೇಳಿದ್ದು ತಾನಲ್ಲ, ಒಂದು ಟಿಕ್ಕು ಅಂತ ಕೂಗಬೇಕು ಅನ್ನಿಸಿತು. ಆದರೆ ಆ ಐದು ಸಲ ನೋಡುವಾಗ ಮಂಡಿಯಿಂದ ಕಣ್ಣು ತೆಗೆದವಳು ಅವಳೇ ತಾನೆ? ಕಾಗದ ಎಳೆದುಕೊಂಡು ಬರೆದಳು: "ನಾನು ಗುರುವಾರ ತೋರಿಸಿದ ವಿಡಿಯೋದಲ್ಲಿರುವ ನಡಿಗೆಯನ್ನು ಯಾರೂ ನಡೆದಿಲ್ಲ. ಅದನ್ನು ಮಾಡಿಸಿದವಳು ನಾನು. ಸರಿಯಾಗಿ ನೋಡದೆ ತಂದವಳೂ ನಾನು." ಭಾವನ ಸುದ್ದಿ ಎತ್ತಲಿಲ್ಲ. ಸಹಿ ಹಾಕಿದಳು. ಹೊಸ ಕೀಲಿನ ಒಪ್ಪಿಗೆ ಅಲ್ಲೇ ರದ್ದಾಯಿತು, ಪರೀಕ್ಷೆಯೂ ಮುಗಿಯಿತು. ಟೀವಿ ಆರಿಸಿ ಅಂತ ಹೇಳಿಯೇ ಅವಳು ಕೊಠಡಿಯಿಂದ ಹೊರಗೆ ಬಂದದ್ದು.

ಕೆಳಗೆ ಕತ್ತರಿ ಕಂಬಿಗಳ ನಡುವೆ, ಎದುರಿನ ಕನ್ನಡಿ ನೋಡಿಕೊಂಡು, ಟೀವಿಯವನ ಹಾಗೆ ಕಾಲು ಬೀಸಲು ಒದ್ದಾಡುತ್ತಿದ್ದ. ಬೆವರು ಸುರಿಯುತ್ತಿತ್ತು. ಮಂಡಿ ಗಕ್ಕನೆ ನಿಂತಾಗಲೆಲ್ಲ ತನಗೆ ತಾನೇ ಬೈದುಕೊಳ್ಳುತ್ತಿದ್ದ.

"ಸಾಕು ಕೂತ್ಕೋ. ಕಾಲು ಬಿಚ್ಚು" ಅಂದಳು ಅವಳು.

"ಇನ್ನೊಂದು ಹತ್ತು ಸಲ ಅಕ್ಕಾ, ಬರುತ್ತೆ."

"ಬರಲ್ಲ ಕಣೋ. ಅದು ನೀನಲ್ಲ. ಯಾರೂ ಅಲ್ಲ. ಕಂಪ್ಯೂಟರು ಊಹೆ ಮಾಡಿ ಬಿಡಿಸಿದ್ದು. ತಪ್ಪು ನಿಂದಲ್ಲ, ಕೀಲಿಂದು." ಅವಳು ತಿರುಪುಳಿ ತರಲು ಹೋಗಲಿಲ್ಲ, ಅವನ ಎದುರಿಗೇ ನೆಲದ ಮೇಲೆ ಕೂತಳು. "ನಂದೂ ತಪ್ಪಿದೆ. ಆ ವಿಡಿಯೋ ನೋಡುವಾಗ ನಾನು ನಿನ್ನ ಮಂಡಿ ನೋಡ್ಲಿಲ್ಲ."

ಕತ್ತರಿ ಕಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. "ಹಾಗಾದ್ರೆ ಹೆಂಡ್ತಿಗೆ ಏನು ಹೇಳ್ಲಿ?" ಅಂದ ಕೊನೆಗೆ.

"ಇದನ್ನೇ ಹೇಳು."

ಡ್ರಾಯರಿನಲ್ಲಿ ಅವನ ಹಳೇ ಮಂಡಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಸವೆದ ಭಾಗಗಳನ್ನು ಬದಲಿಸಿ ಕೂರಿಸಿದಳು. ಅವತ್ತು ಮಧ್ಯಾಹ್ನವೆಲ್ಲ ನಡೆಸಿದಳು. ನಡಿ, ತಿರುಗು, ಗಿಡ್ಡ ಹೆಜ್ಜೆ, ಇನ್ನೂ ಗಿಡ್ಡ. ಕುರ್ಚಿಯೊಂದನ್ನು ನಡುವೆ ಇಟ್ಟು ಅದರ ಸುತ್ತ ನಲವತ್ತು ಸಲ ಸುತ್ತಿಸಿದಳು. ಕುಂಟುತ್ತಿದ್ದ, ನಿಜ. ಕಿರ್ ಅಂತ ಸದ್ದೂ ಬರುತ್ತಿತ್ತು. ಆದರೆ ಒಂದು ಸಲವೂ ಮಡಚಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಭಾವನನ್ನು ಕರೆದುಕೊಂಡು ಕತ್ತರಿಯ ಅಂಗಡಿಗೆ ಹೋದಳು.

"ಮೂರು ದಿನದ ಗಡ್ಡ ಬಂದಿದೆ ನಿಮಗೆ. ಕೂತ್ಕೊಳ್ಳಿ."

"ನಾನೇ ಯಾಕೆ?" ಭಾವನ ಮುಖ ಬಿಳಿಚಿಕೊಂಡಿತು. "ಬೇರೆ ಯಾರೂ ಸಿಗ್ಲಿಲ್ವಾ?"

"ಟಿಕ್ ಹಾಕಿದೋರು ಯಾರು?"

ಭಾವ ಕೂತರು. ಕತ್ತರಿ ಕೊರಳಿಗೆ ಬಟ್ಟೆ ಕಟ್ಟಿ ನೊರೆ ಹಚ್ಚಿದ. ಆಮೇಲೆ ಹೆಂಡತಿಯ ಕಡೆ ನೋಡಿದ. ರಾತ್ರಿ ಎಲ್ಲವನ್ನೂ ಕೇಳಿದ ಮೇಲೆ ಅವಳು ಕತ್ತಿಯನ್ನು ಮತ್ತೆ ಒಳಗಿಟ್ಟು ಬೀಗ ಹಾಕಿದ್ದಳು. ಕೀಲಿ ಅವಳ ಮುಷ್ಟಿಯಲ್ಲಿತ್ತು. ಅವಳು ಗಂಡನ ಕಡೆ ನೋಡಲಿಲ್ಲ, ಕಾಲಿನಕ್ಕನ ಮುಂದೆ ಬಂದು ನಿಂತಳು.

"ಈ ಸಲ ಮಂಡಿ ನೋಡಿದ್ರಾ ಅಕ್ಕಾ?"

ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು? ಅವಳಿಗೆ ಕೋಪ ಬರಲಿಲ್ಲ.

"ನೋಡ್ದೆ ಕಣಮ್ಮ. ನಲವತ್ತು ಸಲ ನೋಡ್ದೆ."

ಹೆಂಡತಿ ಬೀರು ತೆಗೆದು ಕತ್ತಿಯನ್ನು ಗಂಡನ ಕೈಗಿಟ್ಟಳು. ಭಾವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಕತ್ತರಿ ಎಡಗೆನ್ನೆ ಮುಗಿಸಿ, ಗಲ್ಲದ ಕೆಳಗೆ ಎಳೆದು, ಬಲಗಡೆಗೆ ಬರಲು ಕುರ್ಚಿಯ ಸುತ್ತ ಕಾಲೆತ್ತಿದ. ಕಾಲಿನಕ್ಕ ಬೆಂಚಿನಿಂದ ಇಳಿದು, ಉದುರಿದ ಕೂದಲಿನ ನಡುವೆ, ನೆಲದ ಮೇಲೆ ಚಕ್ಕಳಮಟ್ಟೆ ಹಾಕಿ ಕೂತು ಅವನ ಮಂಡಿಯನ್ನೇ ನೋಡುತ್ತಿದ್ದಳು.